ಅಪ್ಪನ ಬೋರ್ಡೊ

'ಬೋರ್ಡೊ' ಅನ್ನೋ ಪದವನ್ನು ನಾನು ಮೊದಲು ಕೇಳಿದ್ದು ಯಾವ ರೆಸ್ಟೋರೆಂಟಿನಲ್ಲೂ ಅಲ್ಲ, ನಮ್ಮ ಮನೆ ಹಿತ್ತಲಲ್ಲಿ. ಬನಿಯನ್ ತುಂಬ ನೀಲಿ ಕಲೆ ಮಾಡ್ಕೊಂಡು ಅಪ್ಪ ತೋಟದಿಂದ ಬರೋರು. "ಬೋರ್ಡೊ ಹೊಡೆದಾಯ್ತು, ಸ್ನಾನಕ್ಕೆ ನೀರು ಕಾಯಿಸು" ಅಂತ ಅಮ್ಮನಿಗೆ ಹೇಳೋರು. ಮೈಲುತುತ್ತ, ಸುಣ್ಣ, ನೀರು ಕಲಸಿದ ಔಷಧಿ ಅದು. ಬೋರ್ಡೊ ಅಂದ್ರೆ ಫ್ರಾನ್ಸಿನ ಒಂದು ಊರು, ವೈನ್‌ಗೆ ಹೆಸರಾದ ಊರು ಅಂತ ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಮ್ಮದು ದೊಡ್ಡಬಳ್ಳಾಪುರದ ಕಡೆ. ಎರಡು ಎಕರೆ ದ್ರಾಕ್ಷಿ. ಕಲ್ಲುಕಂಬ, ತಂತಿ ಚಪ್ಪರ, ಅದರ ತುಂಬ 'ಬೆಂಗಳೂರು ಬ್ಲೂ'. ಒತ್ತಿದ್ರೆ ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಪುಳಕ್ ಅಂತ ಬಾಯಿಗೆ ಜಾರುತ್ತಲ್ಲ, ಅದೇ ಕಪ್ಪು ದ್ರಾಕ್ಷಿ. ಈಗ ಅದಕ್ಕೆ ಜಿಐ ಟ್ಯಾಗ್ ಕೂಡ ಇದೆ. ನನ್ನ ಮತ್ತು ತಂಗಿಯ ಕಾಲೇಜು ಫೀಸು ಕಟ್ಟಿದ್ದು ಆ ಚಪ್ಪರವೇ.

ಈ ಜನವರಿಯಲ್ಲಿ ಅಪ್ಪ ಫೋನ್ ಮಾಡಿದ್ರು. ಲೇಔಟ್ ಮಾಡೋರು ಬಂದು ರೇಟ್ ಹೇಳಿ ಹೋಗಿದ್ದಾರಂತೆ. "ನೀವಿಬ್ಬರೂ ಹೆಣ್ಣುಮಕ್ಕಳು. ನನ್ನ ಮೊಣಕಾಲು ನೋಡಿದ್ರೆ ಹೀಗೆ. ಯುಗಾದಿ ಒಳಗೆ ಉತ್ತರ ಹೇಳ್ಬೇಕು. ಏನ್ಮಾಡ್ಲಿ?"

ನಾನು ಏನು ಮಾಡಿದೆ ಗೊತ್ತಾ? ಎಕ್ಸೆಲ್ ತೆರೆದೆ. ಕೂಲಿ, ಔಷಧಿ, ಬೋರ್‌ವೆಲ್ ಒಂದು ಕಡೆ. ಮಂಡಿ ರೇಟು ಒಂದು ಕಡೆ. ಮಾರಿದ ದುಡ್ಡಿಗೆ ಬರೋ ಬಡ್ಡಿ ಇನ್ನೊಂದು ಕಡೆ. ಹತ್ತೇ ನಿಮಿಷ. ಉತ್ತರ: ಮಾರೋದು.

ಅದನ್ನು ಅಪ್ಪನಿಗೆ ಹೇಳೋ ಮೊದಲೇ ಆಫೀಸಿನ ಟೀಮ್ ಔಟಿಂಗ್ ಬಂತು. ಫೆಬ್ರವರಿಯ ಶನಿವಾರ, ನಂದಿ ಬೆಟ್ಟದ ತಪ್ಪಲಿನ ಒಂದು ವೈನರಿ. ಅಮ್ಮನಿಗೆ 'ದ್ರಾಕ್ಷಿ ತೋಟ ನೋಡೋಕೆ ಹೋಗ್ತಿದ್ದೀವಿ' ಅಂದಿದ್ದೆ. ಸುಳ್ಳಂತೂ ಅಲ್ಲ.

ಗೈಡ್ ಹುಡುಗ ಒಂದು ಹಣ್ಣು ಕಿತ್ತು ಕೊಟ್ಟ. ಸಣ್ಣ ಕಾಳು, ದಪ್ಪ ಸಿಪ್ಪೆ, ಬಾಯಿ ತುಂಬ ಬೀಜ. ಒಂದು ಬಾಟಲಿಗೆ ಇಂಥದ್ದು ಒಂದು ಕೆಜಿಗಿಂತ ಹೆಚ್ಚೇ ಬೇಕಂತೆ. ಯುರೋಪಿನಲ್ಲಿ ಚಳಿಗಾಲಕ್ಕೆ ಬಳ್ಳಿ ಮಲಗಿಬಿಡುತ್ತೆ. ನಮ್ಮ ಹವೆಯಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಕತ್ತರಿ: ಬೇಸಿಗೆಯಲ್ಲಿ ಕೊಂಬೆ ಬೆಳೆಸೋಕೆ, ಮಳೆಗಾಲದ ಕೊನೆಗೆ ಹಣ್ಣು ಬಿಡಿಸೋಕೆ. ನಾವು ಬೆಂಗಳೂರು ಬ್ಲೂನಲ್ಲಿ ಎರಡು ಸಲ ಕತ್ತರಿಸಿ ಎರಡು ಬೆಳೆ ತೆಗೀತೀವಿ. ಇವರು ಎರಡು ಸಲ ಕತ್ತರಿಸಿ ಒಂದೇ ಬೆಳೆಗೆ ಕಾಯ್ತಾರೆ.

ಎಲ್ಲರೂ ಟೇಸ್ಟಿಂಗ್ ರೂಮಿಗೆ ಹೋದ್ರು. ನಾನು ಸಾಲಿನಲ್ಲೇ ಉಳಿದೆ. ಅಲ್ಲೊಬ್ಬ ಅಜ್ಜಿ ಗೊನೆ ಕೊಯ್ತಾ, ಕೊಳೆತ ಕಾಳನ್ನು ಕತ್ತರಿ ತುದಿಯಲ್ಲಿ ಹಾರಿಸ್ತಾ ಇದ್ರು. ಥೇಟ್ ಅಪ್ಪನ ಹಾಗೇ. ನಾನೂ ಒಂದು ಗೊನೆ ತಗೊಂಡೆ. ತೊಟ್ಟಿನಲ್ಲೇ ಹಿಡಿದಿದ್ದೆ, ಹಣ್ಣಿನ ಮೇಲಿನ ಬಿಳಿಪುಡಿ ಅಳಿಸಬಾರದಲ್ಲ.

"ಹಿಡಿದಿದ್ದು ನೋಡಿದ್ರೆ ತೋಟದೋರ ಮಗಳು. ತೋಟ ಇದೆಯೇನಮ್ಮ?" ಅಂದ್ರು ಅಜ್ಜಿ.

"ಇದೆ" ಅಂದೆ. ಆ ಎರಡಕ್ಷರ ಹೇಳೋಕೆ ಅಷ್ಟು ಹೊತ್ತು ತಗೊಂಡಿದ್ದು ಅದೇ ಮೊದಲು.

ಆ ರಾತ್ರಿ ನಿದ್ದೆ ಬರದೆ ಫೋನ್ ಹಿಡಿದು ಓದ್ತಾ ಕೂತೆ. ನಮ್ಮ ದೊಡ್ಡಬಳ್ಳಾಪುರದ ಹತ್ತಿರ ಫ್ರೆಂಚ್ ತಳಿಗಳನ್ನು ತಂದು ವೈನರಿ ಶುರು ಮಾಡಿದ್ದು ಕನ್ವಲ್ ಗ್ರೋವರ್, 1988ರಲ್ಲಿ. ಮೂಲತಃ ಬೇರೆ ವ್ಯಾಪಾರದವರು. ಷಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್ ಜತೆ ಸೇರಿ, ಇಲ್ಲಿ ಯಾವ ತಳಿ ಬರುತ್ತೆ ಅಂತ ಪ್ರಯೋಗ ಮಾಡಿದ್ರು. ಆಮೇಲೆ ಮಗ ಕಪಿಲ್ ಮುಂದುವರಿಸಿದ್ರು. 2012ರಲ್ಲಿ ಆ ಕಂಪನಿ ನಾಸಿಕ್‌ನ ಇನ್ನೊಂದು ವೈನರಿ ಜತೆ ಒಂದಾಯ್ತು. ಕುಟುಂಬದ ತೋಟ ಅಂದ ಮಾತ್ರಕ್ಕೆ ಎಲ್ಲ ಹಾಗೇ ಉಳಿಯುತ್ತೆ ಅಂತೇನಿಲ್ಲ.

ಇನ್ನೊಂದು ಕುಟುಂಬ ಇಟಲಿಯ ಫ್ಲಾರೆನ್ಸಿನದ್ದು, ಆಂಟಿನೊರಿ ಅಂತ. 1385ರಿಂದ ಇದೇ ಕಸುಬು. ಆಗ ನಮ್ಮ ವಿಜಯನಗರದಲ್ಲಿ ಇಮ್ಮಡಿ ಹರಿಹರ ಆಳ್ತಾ ಇದ್ದ! ಅವನ ಸಾಮ್ರಾಜ್ಯ ಹೋಯ್ತು, ಇವರ ತೋಟ 26ನೇ ತಲೆಮಾರಿಗೆ ಬಂದಿದೆ. ಪಿಯೆರೊ ಆಂಟಿನೊರಿಗೆ ಮೂವರೂ ಹೆಣ್ಣುಮಕ್ಕಳು. ಈಗ ನಡೆಸ್ತಿರೋದು ಅವರೇ. ಹಿರಿಯಳು ಆಲ್ಬಿಯೆರಾ ಅಧ್ಯಕ್ಷೆ.

ಅದನ್ನು ಓದಿ ನನ್ನ ಎಕ್ಸೆಲ್ ಮತ್ತೆ ತೆರೆದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅಪ್ಪ ಹೇಳಿದ 'ಇಬ್ಬರೂ ಹೆಣ್ಣುಮಕ್ಕಳು' ಅನ್ನೋದನ್ನು ನಾನು ಪ್ರಶ್ನೆಯೇ ಮಾಡದೆ ಒಪ್ಪಿಕೊಂಡಿದ್ದೆ. ತೋಟ ನೋಡ್ಕೊಳ್ಳೋರು ಯಾರೂ ಇಲ್ಲ ಅಂತ ಮೊದಲೇ ಬರೆದುಕೊಂಡು, ಆಮೇಲೆ ಕೂಡಿ ಕಳೆದಿದ್ದೆ.

ಹಾಗಂತ ನಾವು ಆಂಟಿನೊರಿ ಅಲ್ಲ. ಎರಡು ಎಕರೆ, ಸಾಲ, ಬತ್ತೋ ಬೋರು. ಮಳೆ ಜಾಸ್ತಿಯಾದ್ರೆ ಡೌನಿ ರೋಗ. ತೋಟ ಮಾರಿದೋರನ್ನ ನಾನು ಯಾವತ್ತೂ ತಪ್ಪು ಅನ್ನಲ್ಲ. ನಾಳೆ ನಾವೂ ಮಾರಬಹುದು.

ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿದೆ. "ಎರಡು ವರ್ಷ ಟೈಮ್ ಕೊಡಿ. ಈ ಸಲ ಕತ್ತರಿ ಹಾಕೋಕೆ ನಾವಿಬ್ಬರೂ ಬರ್ತೀವಿ. ಲೆಕ್ಕ, ಮಾರಾಟ ನಂದು. ಆಮೇಲೆ ನೋಡೋಣ."

ಆ ಕಡೆ ಮಾತೇ ಇಲ್ಲ. ಲೈನ್ ಕಟ್ಟಾಯ್ತೇನೋ ಅಂದ್ಕೊಂಡೆ. ಆಮೇಲೆ ಒಂದೇ ಪ್ರಶ್ನೆ: "ರಜಾ ಸಿಗುತ್ತಾ?"

ಸಿಕ್ತು. ಯುಗಾದಿ ಕಳೆದ ವಾರವೇ ಕತ್ತರಿ ಹಿಡಿದ್ವಿ. ನಾನು ಮುಗಿಸಿದ ಮೊದಲ ಸಾಲನ್ನು ಅಪ್ಪ ಕುಂಟುತ್ತಾ ನೋಡ್ಕೊಂಡು ಬಂದ್ರು. "ಕಣ್ಣು ಜಾಸ್ತಿ ಬಿಟ್ಟಿದ್ದೀಯ" ಅಂತ ಅರ್ಧ ಸಾಲು ಮತ್ತೆ ಕತ್ತರಿಸಿದ್ರು. ಬಳ್ಳಿಯ ಮೊಗ್ಗಿಗೆ ನಮ್ಮ ಕಡೆ ಕಣ್ಣು ಅಂತಾರೆ.

ಸಂಜೆ ಔಷಧಿ ಕಲಸುವಾಗ ಓದಿದ್ದೊಂದು ಕಥೆ ಹೇಳಿದೆ. 1880ರ ದಶಕದಲ್ಲಿ ಬೋರ್ಡೊ ಕಡೆ ರಸ್ತೆ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳೀತಿದ್ರಂತೆ, ದಾರಿಹೋಕರು ಹಣ್ಣು ಕದೀಬಾರದು ಅಂತ. ಡೌನಿ ರೋಗ ಬಂದಾಗ ಆ ಬಳ್ಳಿಗಳೇ ಉಳಿದವು. ಮಿಲಾರ್ಡೆ ಅನ್ನೋ ಸಸ್ಯವಿಜ್ಞಾನಿ ಅದನ್ನು ಗಮನಿಸಿ ಔಷಧಿ ಮಾಡಿದ. ಅಪ್ಪ ಕೋಲು ಆಡಿಸೋದು ನಿಲ್ಲಿಸಿ ನಕ್ಕರು. "ಅಂದ್ರೆ ಅಲ್ಲೂ ದ್ರಾಕ್ಷಿ ಕಳ್ಳರಿದ್ರು ಅನ್ನು!"

ನಿಮ್ಮ ಮನೆಯಲ್ಲೂ ಇಂಥದೊಂದು ಎಕ್ಸೆಲ್ ಇರಬಹುದು. ಉತ್ತರ ಕಳಿಸೋ ಮೊದಲು ಒಂದು ದಿನ ತೋಟಕ್ಕೆ ಹೋಗಿ ಬನ್ನಿ, ಅಷ್ಟೇ.

ನನ್ನ ಆಫೀಸ್ ಟೀ ಶರ್ಟ್ ಮೇಲೆ ಈಗ ನೀಲಿ ಕಲೆ. ಮೂರು ಸಲ ಒಗೆದೆ, ಹೋಗಿಲ್ಲ.