ಯಂತ್ರಕ್ಕೆ ಒಗ್ಗದ ಗೂಡು

ಶಿಡ್ಲಘಟ್ಟದಲ್ಲಿ ಹುಟ್ಟಿದ, ಇನ್ಫೊಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ ಅವರು 2023ರ ಡಿಸೆಂಬರ್‌ನಲ್ಲಿ ಜನರನ್ನು ಎಚ್ಚರಿಸಬೇಕಾಯಿತು. ಸ್ವಯಂಚಾಲಿತ ವಹಿವಾಟಿನ ಯಾವ ಆ್ಯಪ್‌ಗೂ ತಾವು ಪ್ರಚಾರ ಕೊಟ್ಟಿಲ್ಲ, ತಮ್ಮ ಮುಖ, ದನಿ ಬಳಸಿಕೊಂಡು ಹರಿದಾಡುತ್ತಿರುವ ವಿಡಿಯೊಗಳು ನಕಲಿ, ನಂಬಬೇಡಿ ಎಂದರು. ಅದರ ಹಿಂದಿನ ತಿಂಗಳಷ್ಟೇ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ದೇಹಕ್ಕೆ ಅಂಟಿಸಿದ ವಿಡಿಯೊ ದೇಶದ ತುಂಬಾ ಗದ್ದಲ ಎಬ್ಬಿಸಿತ್ತು. ಇಬ್ಬರೂ ‘ಇದು ನಾನಲ್ಲ’ ಎಂದರು, ದೇಶ ಕೇಳಿಸಿಕೊಂಡಿತು. ಚಿಂತಾಮಣಿಯ ಕಾಲೇಜು ಹುಡುಗಿಯೊಬ್ಬಳ ಫೋಟೊವನ್ನು ಯಾರೋ ಹೀಗೆ ತಿರುಚಿದರೆ ಅವಳು ಯಾರೆದುರು ನಿಂತು ಈ ಮಾತು ಹೇಳಬೇಕು? ಮೊದಲು ಮನೆಯವರನ್ನು ನಂಬಿಸಬೇಕು, ಆಮೇಲೆ ಬೀದಿಯವರನ್ನು, ಕೊನೆಗೆ ಠಾಣೆಯವರನ್ನು. ಅಷ್ಟರಲ್ಲಿ ವಿಡಿಯೊ ಊರೆಲ್ಲ ಸುತ್ತಿರುತ್ತದೆ.

ಇಂಥ ವಿಡಿಯೊ ಸೃಷ್ಟಿಸುವ ಕೃತಕ ಬುದ್ಧಿಮತ್ತೆಯ (ಎಐ) ಬಗ್ಗೆ ಜನರಲ್ಲಿರುವ ಅಳುಕನ್ನು ತಿಳಿವಳಿಕೆಯ ಕೊರತೆ ಎಂದು ಬದಿಗೆ ಸರಿಸುವವರು ಬಹಳ. ತರಬೇತಿ ಕೊಟ್ಟರೆ, ನಾಲ್ಕು ದಿನ ಬಳಸಿದರೆ ಹೆದರಿಕೆ ಹೋಗುತ್ತದೆ ಎಂಬುದು ಅವರ ನಂಬಿಕೆ. ಚಿಕ್ಕಬಳ್ಳಾಪುರ ಜಿಲ್ಲೆಯ ಮಟ್ಟಿಗಂತೂ ಈ ಮಾತನ್ನು ನಾನು ಒಪ್ಪುವುದಿಲ್ಲ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇರುವ ಜಿಲ್ಲೆ ಇದು. ಯಂತ್ರ ಬಂದಾಗ ಏನಾಗುತ್ತದೆ, ಯಾರಿಗೆ ಲಾಭ, ಯಾರ ಕೈ ಖಾಲಿ ಎಂಬುದನ್ನು ಇಲ್ಲಿನವರು ಪುಸ್ತಕ ಓದಿ ಕಲಿತವರಲ್ಲ.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ ನೋಡಬೇಕು. ನೂಲು ಬಿಚ್ಚುವ ರೀಲರುಗಳು ಒಂದೊಂದು ಲಾಟಿನ ಮುಂದೆ ನಿಂತು ಹಿಡಿಯಷ್ಟು ಗೂಡು ಎತ್ತಿಕೊಳ್ಳುತ್ತಾರೆ. ಬೆರಳಲ್ಲಿ ಒತ್ತಿ ಗಟ್ಟಿ ನೋಡುತ್ತಾರೆ, ಕಲೆ ನೋಡುತ್ತಾರೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಕೋಶ (ಪ್ಯೂಪಾ) ಚೆನ್ನಾಗಿದ್ದರೆ ಸದ್ದು ಬರುತ್ತದೆ. ಹುಳು ಸತ್ತು ಕರಗಿದ್ದರೆ ಗೋಡೆಗೆ ಅಂಟಿಕೊಂಡಿರುತ್ತದೆ, ಸದ್ದೇ ಇರುವುದಿಲ್ಲ. ಒಂದು ಕಿಲೊ ನೂಲು ತೆಗೆಯಲು ಈ ಲಾಟಿನ ಗೂಡು ಎಷ್ಟು ಕಿಲೊ ಬೇಕಾದೀತು ಎಂಬ ಲೆಕ್ಕ ಅಷ್ಟರಲ್ಲೇ ತಲೆಯಲ್ಲಿ ಮುಗಿದಿರುತ್ತದೆ. ಕೂಗಿ ಹರಾಜು ಹಾಕುತ್ತಿದ್ದ ಕಾಲ ಹೋಗಿ ಇ-ಹರಾಜು ಬಂದಿದೆ. ಈ ಹಿಡಿ ಗೂಡಿನ ಪರೀಕ್ಷೆ ಮಾತ್ರ ಉಳಿದುಕೊಂಡಿದೆ.

ನೂಲು ಬಿಚ್ಚುವ ಕೆಲಸಕ್ಕೂ ಯಂತ್ರ ಬಂತು. ಚರಕ, ಕಾಟೇಜ್ ಬೇಸಿನ್‌ಗಳ ನಂತರ ಈಗ ಚೀನಾ ಮೂಲದ ಸ್ವಯಂಚಾಲಿತ ರೀಲಿಂಗ್ ಯಂತ್ರಗಳಿವೆ. ಬಿಸಿನೀರಿನಲ್ಲಿ ಇಡೀ ದಿನ ಬೆರಳಾಡಿಸಿ ಕೈ ಬೊಬ್ಬೆ ಬರಿಸಿಕೊಳ್ಳುವ ಸಂಕಟವನ್ನು ಈ ಯಂತ್ರ ಕಡಿಮೆ ಮಾಡಿದೆ, ನೂಲಿನ ಗುಣಮಟ್ಟವನ್ನೂ ಹೆಚ್ಚಿಸಿದೆ. ಇದನ್ನು ಮುಕ್ತವಾಗಿ ಒಪ್ಪಬೇಕು. ಆದರೆ ಆ ಯಂತ್ರಕ್ಕೆ ಎಲ್ಲ ಗೂಡೂ ಒಗ್ಗುವುದಿಲ್ಲ. ದ್ವಿತಳಿ ಗೂಡೇ ಬೇಕು, ಗಾತ್ರ ಒಂದೇ ಸಮ ಇರಬೇಕು, ಎಳೆ ಹರಿಯಬಾರದು. ನಮ್ಮ ಭಾಗದ ಬಹಳ ರೈತರು ಬೆಳೆದುಕೊಂಡು ಬಂದ ಮಿಶ್ರತಳಿ ಗೂಡಿನ ಎಳೆ ಅಷ್ಟು ತಡೆಯುವುದಿಲ್ಲ, ಅದು ಚರಕದ ಪಾಲಿಗೋ ಬೇಸಿನ್ ಪಾಲಿಗೋ ಹೋಗುತ್ತದೆ. ಗೂಡು ಕೆಟ್ಟದ್ದೇನಲ್ಲ. ಯಂತ್ರವನ್ನು ಅದನ್ನು ನೋಡಿಕೊಂಡು ಮಾಡಿಲ್ಲ, ಅಷ್ಟೆ.

ಎಐ ವಿಷಯದಲ್ಲಿ ನನ್ನನ್ನು ಕಾಡುವುದು ಇದೇ. ಇಂಗ್ಲಿಷಿನಲ್ಲಿ, ಇಲ್ಲವೇ ಪಠ್ಯಪುಸ್ತಕದ ಕನ್ನಡದಲ್ಲಿ, ದಾಖಲೆಗಳೆಲ್ಲ ಸರಿಯಾಗಿರುವವರಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಾಗೇಪಲ್ಲಿ, ಚೇಳೂರು ಕಡೆ ಕನ್ನಡದಲ್ಲಿ ಶುರುವಾದ ವಾಕ್ಯ ತೆಲುಗಿನಲ್ಲಿ ಮುಗಿಯುತ್ತದೆ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಎಷ್ಟೋ ಫಿಲೇಚರ್‌ಗಳಲ್ಲಿ ಇವೆರಡರ ಜೊತೆ ದಖನಿ ಉರ್ದು ಬೆರೆತಿರುತ್ತದೆ. ಜಿಲ್ಲೆ ಜಿಲ್ಲೆಯ ಮಾತನ್ನು ಧ್ವನಿಮುದ್ರಿಸುವ ‘ವಾಣಿ’ ಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ನಡೆಸುತ್ತಿದೆ. ಬೆಂಗಳೂರಿನದೇ ಆದ ‘ಕಾರ್ಯ’ ಸಂಸ್ಥೆ ಚಾಮರಾಜನಗರದ ಹಳ್ಳಿಗಳ ಹೆಣ್ಣುಮಕ್ಕಳಿಂದ ಕನ್ನಡ ವಾಕ್ಯಗಳನ್ನು ಓದಿಸಿ, ಮುದ್ರಿಸಿಕೊಂಡು, ಅದಕ್ಕೆ ಒಳ್ಳೆಯ ಕೂಲಿಯನ್ನೂ ಕೊಟ್ಟಿದೆ. ಈ ಕೆಲಸಗಳ ಬಗ್ಗೆ ನನಗೆ ಗೌರವವಿದೆ. ಆದರೆ ಯಂತ್ರ ನಮ್ಮ ಮಾತು ಕಲಿಯುವ ವೇಗಕ್ಕಿಂತ ಕಚೇರಿಗಳು ಅದನ್ನು ನೆಚ್ಚಿಕೊಳ್ಳುವ ವೇಗ ಹೆಚ್ಚಾಗಿದೆ.

ಭಾಷೆಯನ್ನಾದರೂ ಕಲಿಸಬಹುದು. ದಾಖಲೆಯದು ಇನ್ನೂ ಕಷ್ಟ. ಪಹಣಿಯಲ್ಲಿ ವೆಂಕಟರವಣಪ್ಪ, ಆಧಾರ್‌ನಲ್ಲಿ ವೆಂಕಟರಮಣಪ್ಪ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬರೀ ವೆಂಕಟಪ್ಪ. ಇವರು ಮೂವರಲ್ಲ, ಒಬ್ಬರೇ ಎಂಬುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು, ಗ್ರಾಮ ಆಡಳಿತ ಅಧಿಕಾರಿಗೂ ಗೊತ್ತು. ಹೆಸರು ತಾಳೆ ಹಾಕುವ ತಂತ್ರಾಂಶಕ್ಕೆ ಗೊತ್ತಿಲ್ಲ. ಒಬ್ಬರನ್ನು ಮೂವರಾಗಿಯೂ, ಬೇರೆ ಬೇರೆ ಇಬ್ಬರನ್ನು ಒಬ್ಬರಾಗಿಯೂ ಅದು ಎಣಿಸಬಲ್ಲದು.

ಇದರಿಂದ ಏನಾಗುತ್ತದೆ ಎಂದು ತಿಳಿಯಲು ತೆಲಂಗಾಣವನ್ನು ನೋಡಿದರೆ ಸಾಕು. ಅಲ್ಲಿ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆ ನಾನಾ ಇಲಾಖೆಗಳ ದತ್ತಾಂಶವನ್ನು ಒಟ್ಟುಗೂಡಿಸಿ ಯಾರು ಬಡವರು, ಯಾರು ಅಲ್ಲ ಎಂದು ಹೇಳುತ್ತಿತ್ತು. ಕಾರೇ ಇಲ್ಲದ ಕುಟುಂಬವನ್ನು ಕಾರಿನ ಮಾಲೀಕರೆಂದು ಅದು ಗುರುತಿಸಿದ್ದು ಆಮೇಲೆ ಬೆಳಕಿಗೆ ಬಂತು. ಆ ರಾಜ್ಯದಲ್ಲಿ ರದ್ದಾಗಿದ್ದ ಸುಮಾರು 19 ಲಕ್ಷ ಪಡಿತರ ಚೀಟಿಗಳನ್ನು ಸ್ಥಳಕ್ಕೇ ಹೋಗಿ ಮರುಪರಿಶೀಲಿಸುವಂತೆ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನಮ್ಮಲ್ಲಿ 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್‌ಗಳು ರದ್ದಾದಾಗಲೂ ಇಂಥದೇ ಅಳಲು ಕೇಳಿಬಂತು. ಗದ್ದಲ ಜೋರಾದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್‌ಗಳನ್ನು ಸರ್ಕಾರ ಮರಳಿಸಿತು. ಅದು ಎಐ ಮಾಡಿದ ತೀರ್ಮಾನ ಎಂದು ನಾನು ಹೇಳುತ್ತಿಲ್ಲ. ಪಟ್ಟಿಯ ಜೊತೆ ಪಟ್ಟಿ ತಾಳೆ ಹಾಕಿದ ಮಾತ್ರಕ್ಕೆ ಇಷ್ಟು ರಂಪವಾದರೆ, ತಾನೇಕೆ ಹಾಗೆ ತೀರ್ಮಾನಿಸಿದೆ ಎಂದು ವಿವರಿಸಲಾಗದ ವ್ಯವಸ್ಥೆಯ ಕೈಗೆ ಕೊಟ್ಟಾಗ ಗತಿಯೇನು?

ನ್ಯಾಯಬೆಲೆ ಅಂಗಡಿಯ ಮುಂದೆ ಈಗಲೇ ಇದರ ಮುನ್ಸೂಚನೆ ಇದೆ. ದುಡಿದು ದುಡಿದು ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಒಂದು ಬೆರಳಾಯಿತು, ಇನ್ನೊಂದಾಯಿತು, ಸೆರಗಿಗೆ ಒರೆಸಿ ಮತ್ತೆ ಇಟ್ಟಿದ್ದಾಯಿತು. ಎದುರಿಗೆ ಕೂತವರಿಗೆ ಆ ಅಜ್ಜಿ ಇಪ್ಪತ್ತು ವರ್ಷದಿಂದ ಗೊತ್ತು. ಆದರೂ ‘ಮಿಷನ್ ತಗೊಳ್ತಿಲ್ಲಮ್ಮ, ನಾಳೆ ಬಾ’ ಎನ್ನುತ್ತಾರೆ. ಜನರಿಗೆ ಹೆದರಿಕೆ ಹುಟ್ಟಿಸುವುದು ಯಂತ್ರದ ಬುದ್ಧಿಯಲ್ಲ, ಈ ‘ನಾಳೆ ಬಾ’. ತಪ್ಪಾದಾಗ ಸರಿಪಡಿಸುವ ಅಧಿಕಾರ ಆ ಕಟ್ಟೆಯ ಮೇಲೆ ಕೂತ ಯಾರ ಕೈಯಲ್ಲೂ ಇಲ್ಲ ಎಂಬ ಅರಿವು.

ಉದ್ಯೋಗದ ಚಿಂತೆಯೂ ಸಣ್ಣದಲ್ಲ. ಗೌರಿಬಿದನೂರಿನಿಂದ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಪದವೀಧರರಲ್ಲಿ ಗ್ರಾಹಕ ಸೇವೆ, ಬಿಲ್ಲಿಂಗ್, ಡೇಟಾ ಎಂಟ್ರಿ ಮಾಡುವವರು ಅನೇಕ. ಅವರ ಕೆಲಸವೇ ಮೊದಲು ಅಲುಗಾಡುವಂಥದು. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಮಂದಿಯನ್ನು ಬಿಡುವುದಾಗಿ ಪ್ರಕಟಿಸಿದಾಗ, ಎಐ ಇದಕ್ಕೆ ಕಾರಣವಲ್ಲ ಎಂದು ಕಂಪನಿ ಹೇಳಿತು. ಸಾಲ ಮಾಡಿ ಮಗನನ್ನು ಎಂಜಿನಿಯರಿಂಗ್‌ಗೆ ಸೇರಿಸಿದ ತಂದೆಗೆ ಆ ಸಮಜಾಯಿಷಿ ಸಾಕಾಗುವುದಿಲ್ಲ.

ಹಾಗಾದರೆ ಎಐ ಬೇಡವೇ? ಖಂಡಿತ ಬೇಕು. ಎಲೆಯ ಫೋಟೊ ನೋಡಿ ಟೊಮೆಟೊಗೆ ಬಂದ ರೋಗ ಹೇಳುವ ಆ್ಯಪ್ ಚಿಂತಾಮಣಿಯ ರೈತರಿಗೆ ಉಪಯೋಗಕ್ಕೆ ಬರುವುದಾದರೆ ಬರಲಿ. ಆದರೆ ಯಾರೋ ಹೇಳಿದರೆಂದು ನಂಬುವುದು ಬೇಡ, ಪರೀಕ್ಷಿಸಿ ನಂಬೋಣ. ಇದನ್ನು ಹೇಳಿಕೊಡಲು ಹೊರಗಿನವರು ಬರಬೇಕಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸುವ ಸಮಿತಿ ರಚಿಸಿದರು. ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು, ಪವಾಡಗಳನ್ನು ಪರೀಕ್ಷೆಗೆ ಒಡ್ಡಬೇಕೆಂದು ಕೇಳಿದರು. ಉತ್ತರ ಬರಲಿಲ್ಲ. ಅವರು ಭೌತವಿಜ್ಞಾನಿ, ಯಂತ್ರದ್ವೇಷಿಯಲ್ಲ. ಎಷ್ಟೇ ದೊಡ್ಡವರು ಹೇಳಿದ್ದಾದರೂ ಎಲ್ಲರ ಕಣ್ಣೆದುರು ಪರೀಕ್ಷೆಯಾಗಬೇಕು ಎಂದಷ್ಟೇ ಅವರ ಪಟ್ಟು. ಕಂಪನಿಗಳು ಇವತ್ತು ಎಐ ಬಗ್ಗೆ ಹೇಳುತ್ತಿರುವ ಮಾತುಗಳಿಗೆ ಇದೇ ಪಟ್ಟು ಬೇಕು.

ಪಡಿತರ, ಪಿಂಚಣಿ, ಶಾಲಾ ಹಾಜರಿಗೆ ಎಐ ವ್ಯವಸ್ಥೆಯನ್ನು ತರುವ ಮೊದಲು ಗುಡಿಬಂಡೆ, ಬಾಗೇಪಲ್ಲಿಯಂಥ ತಾಲ್ಲೂಕಿನಲ್ಲಿ ಜನರ ಮುಂದೆಯೇ ಅದನ್ನು ಓಡಿಸಿ ನೋಡಬೇಕು. ಎಷ್ಟು ಮುಖ, ಎಷ್ಟು ಹೆಸರು, ಎಷ್ಟು ದನಿ ತಪ್ಪಾಯಿತು ಎಂಬುದನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಯಂತ್ರದ ತೀರ್ಮಾನವನ್ನು ಅವತ್ತೇ ತಿದ್ದುವ ಅಧಿಕಾರವುಳ್ಳ ಒಬ್ಬರು ತಾಲ್ಲೂಕು ಕಚೇರಿಯಲ್ಲಿರಬೇಕು, ಅವರ ಹೆಸರು, ಫೋನ್ ನಂಬರ್ ಬಾಗಿಲ ಮೇಲಿರಬೇಕು. ಪರೀಕ್ಷೆ ಮಾಡುವವರಿಗಾಗಿ ದೂರ ಹುಡುಕಬೇಕಾಗಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳಿವೆ, ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವಿದೆ. ಅಲ್ಲಿನ ವಿದ್ಯಾರ್ಥಿಗಳಿಗೆ ತಂತ್ರಾಂಶವೂ ತಿಳಿಯುತ್ತದೆ, ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ ವಾಕ್ಯವೂ ತಿಳಿಯುತ್ತದೆ. ಜಿಲ್ಲಾಡಳಿತ ಮನಸ್ಸು ಮಾಡಿದರೆ ಈ ಕೆಲಸವನ್ನು ಈ ವರ್ಷವೇ ಅವರಿಗೆ ವಹಿಸಬಹುದು.