ಅಜ್ಜಿಯ ಹೆಸರು ಮೊದಲು

ಮಾರ್ಚ್ ಬಂತೆಂದರೆ ನಮ್ಮ ಸಹೋದರ ಪತ್ರಿಕೆಗಳಿಗೆ ಮಹಿಳಾ ಸಂಚಿಕೆಯ ಜ್ವರ. ಅದೇ ಅಕ್ಕಮಹಾದೇವಿ, ಅದೇ ಕಿತ್ತೂರು ಚೆನ್ನಮ್ಮ, ಹಿಂದಿನ ಪುಟದಲ್ಲಿ ಅತ್ತೆ-ಸೊಸೆ ಹೊಂದಿಕೊಂಡು ಹೋಗುವುದಕ್ಕೆ ಹತ್ತು ಸಲಹೆ. ಹಳ್ಳಿಯ ಮುದುಕಿಯೂ ಹರೆಯದವಳೂ ಒಂದೇ ಕತೆಗೆ ಬಂದರೆ ಜಗಳವಾಡಲೇಬೇಕೆಂಬ ಕರಾರನ್ನು ಯಾರು ಬರೆದುಕೊಟ್ಟರೋ!

ಈ ಮಹಾಶಯರು ಬಾದಾಮಿ ಬಳಿಯ ಮಹಾಕೂಟಕ್ಕೆ ಹೋಗುವುದಿಲ್ಲವೆಂದಲ್ಲ. ಹೋಗುತ್ತಾರೆ, ಪುಷ್ಕರಣಿಯಲ್ಲಿ ಮುಳುಗೇಳುತ್ತಾರೆ, ರೊಟ್ಟಿ-ಝುಣಕ ಉಂಡು ಬರುತ್ತಾರೆ. ಮಹಾಕೂಟೇಶ್ವರ ಗುಡಿಯ ಮುಂದಿನ ಕಂಬದ ಕನ್ನಡ ಶಾಸನವನ್ನು ಮಾತ್ರ ಓದುವುದಿಲ್ಲ. ಚಾಲುಕ್ಯ ವಿಜಯಾದಿತ್ಯನ (ಕ್ರಿ.ಶ. 696-733) ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ ಕಟ್ಟಿಸಿ, ಬೆಳ್ಳಿಯ ಕೊಡೆ ಏರಿಸಿ, ಭೂಮಿ ಬಿಟ್ಟದ್ದು ಅಲ್ಲಿದೆ. ‘ರಾಜನ ಪ್ರೇಯಸಿ’ ಎಂದಷ್ಟೇ ಬರೆದು ಪ್ರವಾಸಿ ಲೇಖಕರು ಬಸ್ ಹತ್ತುತ್ತಾರೆ. ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ಅಜ್ಜಿ ರೇವಮಂಚಳಿಂದ ಶುರುವಾಗಿ, ತಾಯಿ ಕುಚಿಪೋಟಿಯನ್ನು ಹೇಳಿ, ಆಮೇಲೆ ವಿನಾಪೋಟಿಗೆ ಇಳಿಯುತ್ತದೆ. ಮೂವರಿಗೂ ಗೌರವದ ಬಹುವಚನ. ಅಪ್ಪನೂ ಇಲ್ಲ, ಅಜ್ಜನೂ ಇಲ್ಲ.

ಸೂಳೆಯರ ಮನೆತನದಲ್ಲಿ ಅದು ರೂಢಿ, ಅದರಲ್ಲೇನು ವಿಶೇಷ ಎಂದು ಪಂಡಿತರು ಮೂಗು ಮುರಿಯಬಹುದು. ರೂಢಿಯೇ ಇರಲಿ. ಅರಸನ ಬಿರುದುಗಳನ್ನೆಲ್ಲ ಸಾಲಾಗಿ ಕೆತ್ತಿಸಿದವಳಿಗೆ ಅಜ್ಜಿ ಬೇಡವಾಗಲಿಲ್ಲ; ಮುದುಕಿಗೂ ಹರೆಯದವಳಿಗೂ ಗೆಳೆತನ ಉಂಟು ಎನ್ನಲು ನನಗೆ ಅಷ್ಟು ಸಾಕು.

ರಕ್ತಸಂಬಂಧ ಗೆಳೆತನ ಹೇಗಾದೀತು ಎಂಬ ಆಕ್ಷೇಪಕ್ಕೆ ಮಾತ್ರ ತೂಕವಿದೆ. ಸರಿ, ರಕ್ತ ಬಿಟ್ಟೇ ಮಾತಾಡೋಣ. ಇಳಕಲ್ಲಿನ ಸೀರೆಗೆ ಹೆಸರು ಮಗ್ಗದ್ದು; ಕಂಡಿಕೆ ಸುತ್ತುವವರು ಹೆಂಗಸರು. ಹೊಸ ಸೊಸೆ ತನ್ನ ಅತ್ತೆಗೆ ಹೇಳಲಾರದ್ದನ್ನು ಎದುರುಮನೆಯ ಆಯಿಗೆ ಹೇಳುವುದು ರಾಟಿ ತಿರುಗುವಾಗಲೇ. ‘ಯಾಕವ್ವಾ, ಮಾರಿ ಸಣ್ಣ ಮಾಡೀ?’ ಎಂದು ಆಯಿ ಕೇಳಿದರೆ ಮುಗಿಯಿತು, ಗಂಡನ ಕುಡಿತದಿಂದ ತವರಿನ ಸಾಲದವರೆಗೆ ಎಲ್ಲವೂ ಹೊರಗೆ. ಈ ಆಯಿ ನಮ್ಮ ಕಥೆಗಾರರ ಕಣ್ಣಿಗೆ ಏಕೆ ಬೀಳುವುದಿಲ್ಲ?

ವೈದೇಹಿಯವರ ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ‘ಗುಲಾಬಿ ಟಾಕೀಸ್’ (2008) ನೋಡಿ. ಸೂಲಗಿತ್ತಿ ಗುಲಾಬಿ ಮುಸ್ಲಿಂ ಹೆಂಗಸು. ಅವಳ ಗೆಳತಿ, ಅತ್ತೆಯ ಕಾವಲಿನಲ್ಲಿರುವ ನೇತ್ರು, ಅವಳಿಗಿಂತ ಚಿಕ್ಕವಳು, ಬೇರೆ ಧರ್ಮದವಳು. ಗುಲಾಬಿಯಾದ ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ಬಂತು. ವಿಮರ್ಶಕರು ಕೋಮುವಾದ ಕಂಡರು, ಜಾಗತೀಕರಣ ಕಂಡರು. ಎರಡೂ ಚಿತ್ರದಲ್ಲಿವೆ, ತಕರಾರಿಲ್ಲ. ಆದರೆ ಆ ಇಬ್ಬರ ಸ್ನೇಹವನ್ನು ಒಂದು ವಾಕ್ಯದಲ್ಲಿ ಮುಗಿಸಿದ್ದು ಸೋಮಾರಿತನ.

ಈ ಸಂಚಿಕೆಯ ವಿಷಯ ಹಿರಿಕಿರಿಯ ಗೆಳತಿಯರು. ಮುಂದಿನದಕ್ಕೆ ಬರೆಯುವವರಲ್ಲಿ ಒಂದೇ ಕೋರಿಕೆ: ಅತ್ತೆ-ಸೊಸೆ ಜಗಳದ ಕತೆ ಕಳಿಸಬೇಡಿ. ಮರಳಿಸುವ ಅಂಚೆ ಖರ್ಚು ನಮ್ಮಿಂದ ಆಗದು.