ಯಂತ್ರವೂ ಅಭ್ಯಾಸವೂ

ಸುಮಾರು 25 ವರ್ಷಗಳ ಹಿಂದೆ ಇದೇ ಸಂಚಿಕೆಯ ಸಂಪಾದಕ ಮಂಡಳಿಯಲ್ಲಿ ಕುಳಿತು ನಾನೊಂದು ಮಾತನ್ನಾಡಿದ್ದೆ: "ಛಾಯಾಚಿತ್ರವೆಂಬುದು ಯಂತ್ರದ ಕೆಲಸ, ಗುಂಡಿಯನ್ನೊತ್ತುವುದರಲ್ಲಿ ಪ್ರತಿಭೆಯ ಮಾತೆಲ್ಲಿಯದು?" ಆ ಮಾತನ್ನು ಇದೇ ಸಂಚಿಕೆಯ ಪುಟಗಳಲ್ಲಿ ಹಿಂತೆಗೆದುಕೊಳ್ಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಕನ್ನಡ ಪಂಡಿತನಿಗೆ ಕ್ಯಾಮರಾದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣವಿದೆ, ಅದನ್ನು ಮುಂದೆ ಹೇಳುವೆನು.

ಕಾವ್ಯವು ಹುಟ್ಟಲು ಹೇತುವೇನೆಂಬುದು ನಮ್ಮ ಅಲಂಕಾರಶಾಸ್ತ್ರದಲ್ಲಿ ಬಹು ಹಳೆಯ ವಿಚಾರ. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟನು ತನ್ನ 'ಕಾವ್ಯಪ್ರಕಾಶ'ದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳುತ್ತಾನೆ. ಶಕ್ತಿಯೆಂದರೆ ಪ್ರತಿಭೆ. ನಿಪುಣತೆಯು ಲೋಕವನ್ನೂ ಶಾಸ್ತ್ರವನ್ನೂ ಹಿಂದಿನವರ ಕಾವ್ಯವನ್ನೂ ಕಂಡು ಬರುವಂಥದು. ಅಭ್ಯಾಸವು ಬಲ್ಲವರಿಂದ ಶಿಕ್ಷಣ ಪಡೆದು ಮತ್ತೆ ಮತ್ತೆ ಮಾಡುವಂಥದು. ಇವು ಮೂರು ಬೇರೆ ಬೇರೆ ಹೇತುಗಳಲ್ಲ, ಕೂಡಿ ಒಂದೇ ಹೇತು ಎಂಬುದು ಅವನ ನಿಲುವು. ವಿದ್ವತ್ ಪರೀಕ್ಷೆಗಾಗಿ ಇದನ್ನು ಕಂಠಪಾಠ ಮಾಡಿದ್ದ ನಾನು, ಇದು ಕವಿಗಳಿಗೆ ಮಾತ್ರ ಸಲ್ಲುವ ಮಾತೆಂದೇ ತಿಳಿದಿದ್ದೆ. ಛಾಯಾಗ್ರಾಹಕನೊಬ್ಬನ ಬದುಕಿನ ವಿವರಗಳನ್ನು ಓದಿದ ಮೇಲೆ ಆ ತಿಳಿವಳಿಕೆ ಸಡಿಲವಾಯಿತು.

ಫ್ರಾನ್ಸ್ ದೇಶದ ಹೆನ್ರಿ ಕಾರ್ಟಿಯರ್-ಬ್ರೆಸನ್ (1908–2004) ಗುರುಮುಖೇನ ಕಲಿತದ್ದು ಛಾಯಾಗ್ರಹಣವನ್ನಲ್ಲ, ಚಿತ್ರಕಲೆಯನ್ನು. ಆಂದ್ರೆ ಲೋಟ್ ಎಂಬ ಚಿತ್ರಕಾರನ ಬಳಿ ರೇಖೆ, ಆಕಾರ, ಅಳತೆಗಳ ಪರಸ್ಪರ ಸಂಬಂಧವನ್ನು ಆತ ಅಭ್ಯಾಸ ಮಾಡಿದನು. ಮುಂದೊಮ್ಮೆ ಮಾರ್ಟಿನ್ ಮುಂಕಾಚಿ ಎಂಬ ಹಂಗೆರಿಯವನು ತೆಗೆದ ಛಾಯಾಚಿತ್ರವೊಂದು ಅವನ ಕಣ್ಣಿಗೆ ಬಿತ್ತು. ಆಫ್ರಿಕಾದ ಟಾಂಗನಿಕಾ ಸರೋವರದ ಅಲೆಗಳತ್ತ ಮೂವರು ಹುಡುಗರು ಓಡುತ್ತಿರುವ ಚಿತ್ರವದು. ಅದನ್ನು ಕಂಡ ಬಳಿಕ ಅವನ ಮನಸ್ಸು ಕ್ಯಾಮರಾದ ಕಡೆಗೆ ಪೂರ್ತಿಯಾಗಿ ತಿರುಗಿತು. ಹಿಂದಿನವರ ಕಾವ್ಯವನ್ನು ಕಾಣಬೇಕೆಂದು ಮಮ್ಮಟನು ಹೇಳಿದುದು ಇದನ್ನೇ ಅಲ್ಲವೆ?

ಆತ ತನಗೆ ತಾನೇ ವಿಧಿಸಿಕೊಂಡ ಕಟ್ಟುಪಾಡುಗಳನ್ನು ನೋಡಿದರೆ ನನಗೆ ಛಂದಸ್ಸಿನ ನೆನಪಾಗುತ್ತದೆ. ಕೈಯಲ್ಲಿ ಸಣ್ಣ ಲೈಕಾ ಕ್ಯಾಮರಾ; ಬಹುಮಟ್ಟಿಗೆ 50 ಮಿಲಿಮೀಟರಿನ ಒಂದೇ ಮಸೂರ; ಕೃತಕ ಬೆಳಕಿನ ಸಹಾಯವಿಲ್ಲ. ಜನರ ಗಮನ ಸೆಳೆಯದಿರಲೆಂದು ಕ್ಯಾಮರಾದ ಹೊಳೆಯುವ ಲೋಹವನ್ನು ಕಪ್ಪಾಗಿಸಿದ್ದನು. ಚಿತ್ರದ ಚೌಕಟ್ಟು ತೆಗೆಯುವ ಕ್ಷಣದಲ್ಲಿಯೇ ನಿಶ್ಚಯವಾಗಬೇಕು, ಆಮೇಲೆ ಅಂಚು ಕತ್ತರಿಸಿ ಸರಿಪಡಿಸಬಾರದು ಎಂಬುದು ಅವನ ನೇಮ. 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂಬದಿಯಲ್ಲಿ, ನಿಂತ ನೀರನ್ನು ಜಿಗಿಯುತ್ತಿದ್ದ ಮನುಷ್ಯನ ಚಿತ್ರವನ್ನು ಹಲಗೆಬೇಲಿಯ ಸಂದಿನಿಂದ ತೆಗೆದಾಗ ಅಂಚನ್ನು ಕತ್ತರಿಸಬೇಕಾಯಿತು. ವೈಯಾಕರಣರು ಇಂಥದನ್ನು ಅಪವಾದವೆನ್ನುವರು. ಅಪವಾದ ಬಂದಿತೆಂದು ಸೂತ್ರವನ್ನು ಯಾರೂ ಬಿಡುವುದಿಲ್ಲ, ಆತನೂ ಬಿಡಲಿಲ್ಲ.

ಮತ್ತೊಂದು ಸಂಗತಿಯನ್ನು ಓದಿ ನಾನು ನಕ್ಕೆ, ಅನಂತರ ಯೋಚಿಸಿದೆ. ಚಿತ್ರಗಳನ್ನು ಪರಿಶೀಲಿಸುವಾಗ ಆತ ಅವನ್ನು ತಲೆಕೆಳಗು ಮಾಡಿ ನೋಡುತ್ತಿದ್ದನಂತೆ. ಆಗ ಚಿತ್ರದಲ್ಲಿರುವವರು ಯಾರೆಂಬುದು ಹಿಂದೆ ಸರಿದು, ಕಟ್ಟಡದ ಬಿಗುವೊಂದೇ ಎದ್ದು ಕಾಣುತ್ತದೆ. ಪದ್ಯದ ಅರ್ಥವನ್ನು ಬದಿಗಿಟ್ಟು ಪ್ರಸ್ತಾರ ಹಾಕಿ ಗಣವಿಭಾಗ ಮಾಡಿಸುವ ನಾವು ಮಾಡುತ್ತಿರುವುದೂ ಬೇರೆಯೇನಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಅದೂ ತಲೆಕೆಳಗಾಗಿಯೇ ಕಾಣುವುದು ಬೇರೆ ಮಾತು!

ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರ. ಅವೆಲ್ಲವನ್ನೂ ಒಂದೇ ಹಾಳೆಯ ಮೇಲೆ ಸಣ್ಣದಾಗಿ ಅಚ್ಚಿಳಿಸಿ, ಭೂತಗನ್ನಡಿ ಹಿಡಿದು, ಆಯ್ದುದಕ್ಕೆ ಪೆನ್ಸಿಲಿನಿಂದ ಗುರುತು ಹಾಕುವ ಪದ್ಧತಿಯಿತ್ತು. ಗೆದ್ದ ಒಂದರ ಪಕ್ಕದಲ್ಲಿಯೇ ಸೋತ 35 ಕಣ್ಣೆದುರು ಇರುತ್ತಿದ್ದವು. ಒಂದು ಹೆಜ್ಜೆ ಹಿಂದೆ ನಿಂತಿದ್ದರೆ, ಒಂದು ಗಳಿಗೆ ಕಾದಿದ್ದರೆ ಎಂಬ ವಿಚಾರ ಹುಟ್ಟುತ್ತಿದ್ದುದು ಆ ಹಾಳೆಯ ಮುಂದೆ. ಇಂದು ಮೊಬೈಲಿನಲ್ಲಿ ಕೆಟ್ಟ ಚಿತ್ರವನ್ನು ಕೂಡಲೇ ಅಳಿಸುತ್ತೇವೆ. ಅದು ಏಕೆ ಕೆಟ್ಟಿತೆಂದು ಕೇಳುವಷ್ಟರಲ್ಲಿ ಅದು ಇಲ್ಲವಾಗಿರುತ್ತದೆ. ನಾನು ಮೊಬೈಲಿನ ವೈರಿಯಲ್ಲ, ನನ್ನ ಜೇಬಿನಲ್ಲಿಯೂ ಒಂದಿದೆ. ಆದರೆ ಜಾತ್ರೆಯಲ್ಲಿ ಚಿತ್ರ ತೆಗೆಯುವ ನಮ್ಮ ಮಕ್ಕಳು 36 ಚಿತ್ರಗಳನ್ನಾದರೂ ಅಳಿಸದೆ ತಂದು, ಚಿತ್ರಕಲಾ ಶಿಕ್ಷಕರ ಎದುರಿಗೆ ಕುಳಿತು ಒಂದನ್ನು ಆಯ್ದು, ಆಯ್ಕೆಗೆ ಕಾರಣ ಹೇಳುವ ಏರ್ಪಾಡು ನಮ್ಮ ಶಾಲೆಯಲ್ಲಿ ಆಗಬೇಕೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಖರ್ಚೇನೂ ಇಲ್ಲ.

ಯಾರ ಚಿತ್ರ ತೆಗೆಯಬೇಕೆಂಬ ವಿಷಯದಲ್ಲಿಯೂ ನಮಗೆ ಮೇಲ್ಪಂಕ್ತಿಯುಂಟು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ಗಣ್ಯರನ್ನು ಚಿತ್ರಿಸಿದಷ್ಟೇ ಗೌರವದಿಂದ ಸಾಮಾನ್ಯರನ್ನೂ ಚಿತ್ರಿಸಿದರು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶಿತವಾದದ್ದು ಅವರು ತೆಗೆದ ಮಕ್ಕಳ ಚಿತ್ರಗಳು.

ಇನ್ನು ಮೊದಲು ಹೇಳಿದ ಕಾರಣ. ಅಂದು ಒಂಬತ್ತನೆಯ ತರಗತಿಯ ಬಾಲಕನೊಬ್ಬ ತಂದೆಯ ಕ್ಯಾಮರಾದಲ್ಲಿ ತೆಗೆದ ಚಿತ್ರವೊಂದನ್ನು ಸಂಚಿಕೆಗೆಂದು ತಂದಿದ್ದನು. ದಾಸೋಹದ ಪಂಕ್ತಿಯಲ್ಲಿ ನಮ್ಮ ಅಡುಗೆಯವರು ಬಾಗಿ ಸಾರು ಬಡಿಸುತ್ತಿದ್ದಾರೆ. ಏಳುತ್ತಿರುವ ಹಬೆ ಅವರ ಮುಖವನ್ನು ಅರ್ಧ ಮರೆಮಾಡಿದೆ. ಕೆಳಗೆ ಎಲೆಗಳ ಮುಂದೆ ಮಕ್ಕಳ ಪುಟ್ಟ ಕೈಗಳು. ನಮಗೆ ಬೇಕಾಗಿದ್ದುದು ವೇದಿಕೆಯ ಮೇಲಿನ ಅತಿಥಿಗಳ ಚಿತ್ರ. "ಮುಖವೇ ಕಾಣದ ಚಿತ್ರವನ್ನು ಅಚ್ಚು ಹಾಕಿಸುವುದೆಂತಯ್ಯಾ?" ಎಂದೆ. ಅವನು ತಲೆ ತಗ್ಗಿಸಿ, "ಮುಖ ಕಾಣೋ ಹಾಗೂ ತೆಗೆದಿದೀನಿ ಗುರುಗಳೇ, ಆದರೆ ಇದೇ ಸರಿ ಅನ್ನಿಸ್ತು" ಎಂದನು. ಆಗಲೇ ನಾನು ಯಂತ್ರದ ಮಾತನ್ನಾಡಿದ್ದು.

ಹಲವು ಚಿತ್ರಗಳಲ್ಲಿ ಒಂದನ್ನು ಆಯುವ ಕೆಲಸವನ್ನು ಆ ಬಾಲಕ ಯಾರೂ ಹೇಳಿಕೊಡದೆಯೇ ಮಾಡಿದ್ದನೆಂಬುದು ನನಗೆ ಹೊಳೆಯಲಿಲ್ಲ. ಆ ವರ್ಷದ ಸಂಚಿಕೆಗೆ ಕಾಯಕದ ಮಹತ್ವವನ್ನು ಕುರಿತು ಆರು ಪುಟಗಳ ಲೇಖನ ಬರೆದವನೂ ನಾನೇ! ಅವನು ಮತ್ತೆಂದೂ ಚಿತ್ರ ತರಲಿಲ್ಲ.

ಆ ಅಡುಗೆಯವರು ಲಿಂಗೈಕ್ಯರಾಗಿ ಹಲವು ವರ್ಷಗಳಾದವು. ಕಳೆದ ವರ್ಷ ಅವರ ಭಾವಚಿತ್ರವೊಂದು ಬೇಕಾಗಿ ಹುಡುಕಿದಾಗ ಮಠದಲ್ಲಿ ಒಂದೂ ಸಿಗಲಿಲ್ಲ. ಬಾಲಕ ಅಂದು ಮರಳಿ ಒಯ್ಯದೆ ಹೋದ ಪ್ರತಿ ನನ್ನ ಹಳೆಯ ಕಡತದಲ್ಲಿತ್ತು. ಅಂಚು ತುಸು ಹಳದಿಗಟ್ಟಿದೆ. ಅದನ್ನು ಈ ಲೇಖನದೊಡನೆ ಸಂಪಾದಕರಿಗೆ ಒಪ್ಪಿಸಿದ್ದೇನೆ. ಅಚ್ಚು ಹಾಕುವುದಾದರೆ ಇಡೀ ಪುಟದಲ್ಲಿ, ಅಂಚು ಕತ್ತರಿಸದೆ ಹಾಕಬೇಕೆಂದೂ, ತೆಗೆದವನ ಹೆಸರನ್ನು ಆ ವರ್ಷದ ಹಾಜರಿ ಪುಸ್ತಕದಿಂದ ನೋಡಿ ಕೆಳಗೆ ಕಾಣಿಸಬೇಕೆಂದೂ ಅವರಲ್ಲಿ ನನ್ನ ವಿನಂತಿ.